ಮಳೆ ಅಳೆಯುವ ಯಂತ್ರಕ್ಕೂ ಗೊರಬು ಬೇಕು

ಪುನರ್ವಸು ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನ ಕಣ್ಣು ಎರಡು ಕಡೆ ನೆಟ್ಟಿರುತ್ತದೆ. ಒಂದು, ತೋಟದ ಕೊನೆಗಳ ಮೇಲೆ. ಕೊಳೆ ಕಾಣಿಸಿತೇ ಎಂಬ ಆತಂಕದಿಂದ. ಇನ್ನೊಂದು, ಪಂಚಾಯಿತಿ ವ್ಯಾಪ್ತಿಯಲ್ಲಿ ಎಲ್ಲೋ ಒಂದೆಡೆ ಕಂಬದ ಮೇಲೆ ನಿಂತಿರುವ ಮಳೆಮಾಪಕದ ಮೇಲೆ. ಅದಿನ್ನೂ ಬದುಕಿದೆಯೇ ಎಂಬ ಸಂಶಯದಿಂದ. ಈ ಎರಡನೆಯ ಆತಂಕ ಹಿಂದಿನ ತಲೆಮಾರಿನವರಿಗೆ ಇರಲಿಲ್ಲ. 2016ರಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಷ್ಕೃತ ರೂಪ ಜಾರಿಗೆ ಬಂದ ಮೇಲೆ ಅಡಿಕೆ ಮತ್ತು ಕಾಳುಮೆಣಸಿನ ನಷ್ಟವನ್ನು ತೋಟಕ್ಕೆ ಬಂದು ಮರ ನೋಡಿ ನಿರ್ಧರಿಸುವುದಿಲ್ಲ. ಮಳೆ ಎಷ್ಟು ಬಿತ್ತು, ಎಷ್ಟು ದಿನ ಬಿಡದೆ ಬಿತ್ತು ಎಂಬ ಅಂಕಿಗಳೇ ಪರಿಹಾರವನ್ನು ತೀರ್ಮಾನಿಸುತ್ತವೆ. ಅಂಕಿ ಬರೆಯುವುದು ಯಂತ್ರ. ಯಂತ್ರ ಮೂಕವಾದರೆ ಬೆಳೆಗಾರನ ನಷ್ಟವೂ ಮೂಕವಾಗುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿಸಿರುವ ದೂರಸಂವೇದಿ ಮಳೆಮಾಪಕಗಳ ಸಂಖ್ಯೆ ಆರು ಸಾವಿರವನ್ನು ಮೀರುತ್ತದೆ. ಇಷ್ಟು ದಟ್ಟವಾದ ಜಾಲ ಹೆಮ್ಮೆಯ ಸಂಗತಿಯೇ ಸರಿ. ಮಲೆನಾಡಿನಂಥ ಪ್ರದೇಶಕ್ಕೆ ಅದು ಅನಿವಾರ್ಯವೂ ಹೌದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ನಗರದಲ್ಲಿ ಬೀಳುವುದು 1,000 ಮಿಲಿಮೀಟರಿನ ಆಸುಪಾಸು. ಒಂದು ಗುಡ್ಡದ ಈಚೆಗೆ ಬಿದ್ದ ಮಳೆ ಆಚೆಗೆ ಬಿದ್ದಿರುವುದಿಲ್ಲ. ಒಂದು ಪಂಚಾಯಿತಿಯ ಮಾಪಕ ಕೆಟ್ಟಾಗ ಪಕ್ಕದ ಮಾಪಕದ ಅಂಕಿಯನ್ನು ಎರವಲು ತಂದರೆ ಬಯಲುಸೀಮೆಯಲ್ಲಿ ಆಗುವ ತಪ್ಪು ಸಣ್ಣದು, ಘಟ್ಟದ ಅಂಚಿನಲ್ಲಿ ಆಗುವ ತಪ್ಪು ದೊಡ್ಡದು. 2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ತಾಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ, ಆಯಾ ಗುಡ್ಡದ ಮೇಲೆ ಬಿದ್ದ ಮಳೆಯ ಲೆಕ್ಕ ಹಣದ ಮಾತು ಮಾತ್ರವಲ್ಲ, ಜೀವದ ಮಾತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಯಂತ್ರ ಕೆಡುವುದು ಎಲ್ಲಿ? ಮಳೆ ಅಳೆಯುವ ಭಾಗ ಬಹಳ ಸರಳವಾದದ್ದು. ಆಲಿಕೆಯಿಂದ ಇಳಿದ ನೀರು ತಕ್ಕಡಿಯಂತೆ ಓಲಾಡುವ ಜೋಡಿ ಬಟ್ಟಲಿಗೆ ಬೀಳುತ್ತದೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ಖಾಲಿಯಾಗುತ್ತದೆ, ಇನ್ನೊಂದು ಮೇಲೇಳುತ್ತದೆ. ಪ್ರತಿ ವಾಲುವಿಕೆಗೂ ಒಂದು ಆಯಸ್ಕಾಂತ ಸ್ವಿಚ್ಚನ್ನು ತಟ್ಟುತ್ತದೆ. ಈ ತಟ್ಟುಗಳನ್ನು ಎಣಿಸಿ, ನೆನಪಿಟ್ಟು, ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುವ ಸರ್ಕ್ಯೂಟ್ ಬೋರ್ಡ್, ಮೋಡೆಮ್ ಮತ್ತು ಬ್ಯಾಟರಿ ಪಕ್ಕದ ಒಂದು ಪೆಟ್ಟಿಗೆಯೊಳಗೆ ಕುಳಿತಿರುತ್ತವೆ. ಬಟ್ಟಲಿಗೆ ಎಲೆ, ಕಸ ಸಿಕ್ಕಿದರೆ ಕೈಯಿಂದ ತೆಗೆಯಬಹುದು. ಪೆಟ್ಟಿಗೆಯೊಳಗೆ ನೀರು ನಿಂತು ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿದರೆ ಆ ವರ್ಷದ ಮಳೆಗಾಲ ಮುಗಿದಂತೆಯೇ. ಹೀಗಿದ್ದರೂ ಖರೀದಿಯ ಹೊತ್ತಿನಲ್ಲಿ ಸಂವೇದಕದ ಬಗ್ಗೆ ಪುಟಗಟ್ಟಲೆ ವಿವರ ಕೇಳುವವರು ಪೆಟ್ಟಿಗೆಯ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಬರೆದು ಮುಗಿಸುತ್ತಾರೆ: ‘ಐಪಿ 65 ಅಥವಾ ಅದಕ್ಕಿಂತ ಮೇಲ್ಮಟ್ಟದ್ದು’. ಈ ಒಂದು ಸಾಲು ಮಲೆನಾಡಿಗೆ ಸಾಲದು ಎಂಬುದೇ ಇಲ್ಲಿ ಚರ್ಚಿಸಬೇಕಾದ ವಿಷಯ.

ಮೂರು ನಿಮಿಷದ ಪರೀಕ್ಷೆ, ಮೂರು ತಿಂಗಳ ಮಳೆ

ಐಪಿ ಎಂಬುದು ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60529ರಿಂದ ಬಂದ ಗುರುತು. ಭಾರತೀಯ ಮಾನಕ ಬ್ಯೂರೋ ಇದನ್ನೇ ಐಎಸ್/ಐಇಸಿ 60529 ಎಂದು ಸ್ವೀಕರಿಸಿದೆ. ಗುರುತಿನ ಮೊದಲ ಅಂಕಿ ಧೂಳು ಮತ್ತು ಘನವಸ್ತುಗಳಿಂದ ಸಿಗುವ ರಕ್ಷಣೆಯನ್ನು, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯನ್ನು ಹೇಳುತ್ತದೆ. 65ರಲ್ಲಿನ 6 ಎಂದರೆ ಧೂಳು ಒಳಹೋಗದು. 5 ಎಂದರೆ 6.3 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರಿನಂತೆ ಎಲ್ಲ ದಿಕ್ಕಿನಿಂದ ನೀರು ಹಾಯಿಸಿದರೂ ಹಾನಿಯಾಗದು. ಪರೀಕ್ಷೆಯ ಅವಧಿ ಕನಿಷ್ಠ ಮೂರು ನಿಮಿಷ. ಐಪಿ 67 ಎಂದರೆ ಒಂದು ಮೀಟರ್ ನೀರಿನಡಿ ಅರ್ಧ ಗಂಟೆ ಮುಳುಗಿಸಿಟ್ಟರೂ ತೊಂದರೆಯಿಲ್ಲ. 7 ಎಂಬುದು 5ಕ್ಕಿಂತ ದೊಡ್ಡ ಅಂಕಿಯಾದುದರಿಂದ ಮುಳುಗನ್ನು ತಾಳಿದ ಪೆಟ್ಟಿಗೆ ರಭಸದ ನೀರನ್ನೂ ತಾಳುತ್ತದೆ ಎಂದು ಭಾವಿಸುವುದು ತಪ್ಪು. ಅವೆರಡೂ ಬೇರೆ ಬೇರೆ ಪರೀಕ್ಷೆಗಳು. ಎರಡನ್ನೂ ಗೆದ್ದ ಪೆಟ್ಟಿಗೆಯ ಮೇಲೆ ಎರಡೂ ಗುರುತುಗಳಿರಬೇಕು.

ಈ ಪರೀಕ್ಷೆಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವು ಹೊಸ ಪೆಟ್ಟಿಗೆಗೆ, ಪ್ರಯೋಗಾಲಯದಲ್ಲಿ, ನಿಮಿಷಗಳ ಲೆಕ್ಕದಲ್ಲಿ ನಡೆಯುವ ಪರೀಕ್ಷೆಗಳು. ಮೃಗಶಿರಾದಿಂದ ಆಶ್ಲೇಷಾದವರೆಗೆ ಬಿಡದೆ ಹೊಯ್ಯುವ ಮಳೆಯನ್ನು, ನಾಲ್ಕು ಬೇಸಿಗೆಯ ಬಿಸಿಲಿಗೆ ಗಟ್ಟಿಯಾದ ರಬ್ಬರ್ ಪಟ್ಟಿಯನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಯಾವ ಯಾವ ಬಾಧೆಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ಆ ಮಾನದಂಡವೇ ಸ್ಪಷ್ಟವಾಗಿ ಹೇಳಿದೆ: ತುಕ್ಕು, ಶಿಲೀಂಧ್ರ, ಹುಳುಹುಪ್ಪಟೆ, ಬಿಸಿಲು ಮತ್ತು ಹವೆ ತಣಿದು ಒಳಗೇ ಕೂಡುವ ತೇವ. ಘಟ್ಟದ ಮೇಲಿನ ಹಳ್ಳಿಗರು ಈ ಪಟ್ಟಿಯನ್ನು ಓದಿದರೆ ನಕ್ಕಾರು. ಮಲೆನಾಡಿನಲ್ಲಿ ಯಾವುದೇ ವಸ್ತುವನ್ನು ಕೆಡಿಸುವವು ಇವೇ ಐದು. ಹಾಗಾದರೆ ಪೆಟ್ಟಿಗೆಯ ಮೇಲಿನ ಅಂಕಿ ಉತ್ತರ ಕೊಟ್ಟಿರುವುದು ಬೇರೊಂದು ಪ್ರಶ್ನೆಗೆ.

ಮುಚ್ಚಿದ ಪೆಟ್ಟಿಗೆ ನೀರು ಹೀರುವ ಬಗೆ

ಪೂರ್ತಿ ಬಿಗಿದ ಪೆಟ್ಟಿಗೆಯೊಳಗೆ ನೀರು ಎಲ್ಲಿಂದ ಬಂತು ಎಂದು ಬೆರಗಾಗುವವರುಂಟು. ಕಾರಣ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ. ಮಳೆಯ ನಡುವೆ ಒಂದು ಹೊತ್ತು ಬಿಸಿಲು ಬಿದ್ದರೆ ಕಂಬದ ಮೇಲಿನ ಪೆಟ್ಟಿಗೆಯ ಒಳಗಾಳಿ 45 ಡಿಗ್ರಿಗೆ ಏರಬಹುದು. ಕಾದ ಗಾಳಿ ಹಿಗ್ಗಿ, ಸಿಕ್ಕ ಸಂದಿನಿಂದ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಪೆಟ್ಟಿಗೆ ಕೆಲವೇ ನಿಮಿಷಗಳಲ್ಲಿ 24 ಡಿಗ್ರಿಗೆ ತಣಿಯುತ್ತದೆ. ಒಳಗಾಳಿ ಕುಗ್ಗುತ್ತದೆ, ಒತ್ತಡ ಶೇಕಡಾ ಆರರಷ್ಟು ಇಳಿಯುತ್ತದೆ. ಪೆಟ್ಟಿಗೆ ಬಾಗದಷ್ಟು ಗಟ್ಟಿಯಾಗಿದ್ದರೆ ಇದು ಅರ್ಧ ಮೀಟರಿಗೂ ಎತ್ತರದ ನೀರಿನ ಕಂಬ ಮುಚ್ಚಳದ ಅಂಚನ್ನು ಒತ್ತಿದ್ದಕ್ಕೆ ಸಮ. ಅಂಚಿನ ಸುತ್ತ ಮಳೆನೀರು ಹರಿಯುತ್ತಿರುವಾಗಲೇ ಈ ಹೀರುವಿಕೆ ನಡೆಯುತ್ತದೆ. ರಬ್ಬರಿನಲ್ಲಿ ಕೂದಲೆಳೆಯ ಸಂದಿದ್ದರೂ ಸಾಕು, ಒಳಗೆ ಹೋಗುವುದು ಗಾಳಿಯಲ್ಲ, ನೀರು.

ನೀರು ಹೋಗದೆ ಬರಿಯ ಗಾಳಿ ಹೋದರೂ ಅಪಾಯ ತಪ್ಪಿದ್ದಲ್ಲ. 30 ಡಿಗ್ರಿಯ ತೇವ ತುಂಬಿದ ಗಾಳಿ ಪ್ರತಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಹೊತ್ತಿರುತ್ತದೆ. 20 ಡಿಗ್ರಿಗೆ ತಣಿದರೆ ಅದು ಹೊರಬಲ್ಲದ್ದು ಸುಮಾರು 17 ಗ್ರಾಂ. ಉಳಿದದ್ದು ಹನಿಯಾಗಿ ಇಳಿಯಲೇಬೇಕು. ಸಣ್ಣ ಪೆಟ್ಟಿಗೆಯಲ್ಲಿ ಒಂದು ರಾತ್ರಿಗೆ ಇದು ಎರಡು ಮೂರು ಹನಿ ಮಾತ್ರ. ಆದರೆ ಒಳಬಂದ ಹನಿಗೆ ಹೊರಹೋಗುವ ದಾರಿಯಿಲ್ಲ. ಹಗಲು ಉಸಿರು ಬಿಟ್ಟು ರಾತ್ರಿ ಉಸಿರೆಳೆದುಕೊಳ್ಳುವ ಪೆಟ್ಟಿಗೆ ದಿನಕ್ಕೆರಡು ಹನಿಯಂತೆ ಕೂಡಿಹಾಕುತ್ತ, ಆಗಸ್ಟ್ ಹೊತ್ತಿಗೆ ತಳದಲ್ಲಿ ಪುಟ್ಟ ಕೆರೆಯನ್ನೇ ಕಟ್ಟಿಕೊಂಡಿರುತ್ತದೆ. ಮಳೆಯನ್ನು ಹೊರಗಿಡಲು ಮಾಡಿದ ಬಿಗಿತವೇ ತೇವವನ್ನು ಒಳಗೆ ಸೆರೆಹಿಡಿಯುತ್ತದೆ.

ಗೊರಬು, ಕೊಟ್ಟೆ ಮತ್ತು ತಟ್ಟಿ

ಮಲೆನಾಡಿನ ಹಿರಿಯರು ಈ ಸಮಸ್ಯೆಯನ್ನು ವಿದ್ಯುತ್ತು ಬರುವ ಮೊದಲೇ ಬಿಡಿಸಿಟ್ಟಿದ್ದರು. ನಾಟಿಗೆ ಇಳಿದ ಹೆಣ್ಣಾಳು ತಲೆಯಿಂದ ಬೆನ್ನಿಗೆ ಹೊದ್ದ ಗೊರಬು ಮೇಲಿನ ಮಳೆಯನ್ನೆಲ್ಲ ತಡೆಯುತ್ತಿತ್ತು. ಆದರೆ ಮುಂದೆ ಮತ್ತು ಕೆಳಗೆ ತೆರೆದೇ ಇರುತ್ತಿತ್ತು. ಬಗ್ಗಿ ದುಡಿಯುವ ಮೈಯ ಬೆವರು ಆರಲು ಆ ತೆರಪು ಬೇಕಿತ್ತು. ಪ್ಲಾಸ್ಟಿಕ್ ಕೋಟು ತೊಟ್ಟು ದುಡಿದವರು ಮಳೆಯಲ್ಲಿ ನೆನೆಯದೆಯೂ ಬೆವರಿನಲ್ಲಿ ತೊಯ್ದು ಮನೆಗೆ ಬರುತ್ತಾರೆ. ಬ್ಯಾಣದ ಕರಡದ ಹುಲ್ಲಿನಿಂದ ಹೆಣೆದು ಅಡಿಕೆ ಕೊನೆಗೆ ಕಟ್ಟುತ್ತಿದ್ದ ಕೊಟ್ಟೆಯ ನಿಯಮವೂ ಅದೇ: ಮೇಲೆ ಮುಚ್ಚು, ಕೆಳಗೆ ತೆರೆದಿಡು. ಮಣ್ಣಿನ ಗೋಡೆಗೆ ಇರಚಲು ತಾಗದಂತೆ ಕಟ್ಟುವ ಸೋಗೆಯ ತಟ್ಟಿಯೂ ಗೋಡೆಗೆ ಅಂಟಿಕೊಂಡಿರುವುದಿಲ್ಲ. ನಡುವೆ ಗಾಳಿಯಾಡುವ ಜಾಗವಿರುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವಂಥ ಓಲೆಗರಿಗಳನ್ನು ಹಿಂದಿನವರು ಎರಡು ಮರದ ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಹಲಗೆಯೂ ಬಟ್ಟೆಯೂ ಉಸಿರಾಡುವ ವಸ್ತುಗಳೇ.

ಹವಾಮಾನ ಶಾಸ್ತ್ರ ಬೇರೆ ದಾರಿಯಿಂದ ಇಲ್ಲಿಗೇ ಬಂದಿದೆ. ಉಷ್ಣಮಾಪಕವನ್ನು ಇಡುವ ಬಿಳಿಯ ಜಾಲಂದ್ರದ ಪೆಟ್ಟಿಗೆಯನ್ನು ರೂಪಿಸಿದವನು ಸ್ಕಾಟ್ಲೆಂಡಿನ ದೀಪಸ್ತಂಭಗಳ ಇಂಜಿನಿಯರ್ ಥಾಮಸ್ ಸ್ಟೀವನ್ಸನ್. ಕಾಲ 1860ರ ದಶಕ. ಓರೆಯಾದ ಪಟ್ಟಿಗಳು ಮಳೆ ಬಿಸಿಲುಗಳನ್ನು ತಡೆಯುತ್ತವೆ, ಗಾಳಿಯನ್ನು ಬಿಡುತ್ತವೆ. ಅವನ ಹೆಸರಿನ ಈ ಪೆಟ್ಟಿಗೆ ಭಾರತದ ಹವಾಮಾನ ಕೇಂದ್ರಗಳಲ್ಲಿಯೂ ನಿಂತಿದೆ. ಉಪಕರಣವನ್ನು ರಕ್ಷಿಸುವುದೆಂದರೆ ಬಿಗಿಯುವುದು ಎಂದೇ ಅರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ.

ಹಾಗಾದರೆ ಎಂಥ ಪೆಟ್ಟಿಗೆ?

ಗಾಳಿಯಾಡಲು ಬಿಟ್ಟ ಪೆಟ್ಟಿಗೆಯೊಳಗೂ ಜುಲೈ ತಿಂಗಳ ಗಾಳಿ ಒಣಗಿರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದುದರಿಂದ ಮಲೆನಾಡಿಗೆ ಬೇಕಾದದ್ದು ಒಂದು ಪೆಟ್ಟಿಗೆಯಲ್ಲ, ಪೆಟ್ಟಿಗೆಯೊಳಗೊಂದು ಪೆಟ್ಟಿಗೆ. ಒಳಗಿನದು ಚಿಕ್ಕದು. ಅದರಲ್ಲಿ ಸರ್ಕ್ಯೂಟ್ ಬೋರ್ಡ್ ಮಾತ್ರ ಇರಬೇಕು. ಬೋರ್ಡಿಗೆ ತೇವ ತಾಗದಂತೆ ವಾರ್ನಿಷಿನಂಥ ಲೇಪವಿರಬೇಕು. ಪೆಟ್ಟಿಗೆ ಪೂರ್ತಿ ಬಿಗಿದಿದ್ದು ಒಳಗೆ ಸಿಲಿಕಾ ಜೆಲ್ ಚೀಲವಿರಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಗಾಳಿ ಕಡಿಮೆ, ಹೀಗಾಗಿ ಅದು ಎಳೆಯುವ ಉಸಿರೂ ಕಡಿಮೆ. ಬಿಸಿಲು ನೇರವಾಗಿ ಬೀಳದಿದ್ದರೆ ಇನ್ನೂ ಕಡಿಮೆ. ಹೊರಗಿನದು ದೊಡ್ಡದು. ಅದಕ್ಕೆ ಅಂಚಿನಾಚೆ ಚಾಚಿದ ಇಳಿಜಾರು ಮಾಡು, ಮಾಡಿಗೂ ಪೆಟ್ಟಿಗೆಗೂ ನಡುವೆ ಗಾಳಿಯ ತೆರಪು, ತಳದಲ್ಲಿ ಬಲೆ ಹಾಕಿದ ರಂಧ್ರಗಳು ಇರಬೇಕು. ಬಲೆ ಇರುವೆ, ಕಣಜ, ಜೇಡ, ಹಲ್ಲಿಮರಿ ದಾಟಲಾಗದಷ್ಟು ಸಣ್ಣದಾಗಿರಬೇಕು. ಒಂದೇ ಪೆಟ್ಟಿಗೆ ಸಾಕೆನ್ನುವವರಿಗೆ, ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುಪೊರೆಯ ಬಿರಡೆಗಳು ಮಾರುಕಟ್ಟೆಯಲ್ಲಿವೆ. ಅವುಗಳಿಂದ ಒತ್ತಡ ಸಮನಾಗುತ್ತದೆ, ಹೀರುವಿಕೆ ನಿಲ್ಲುತ್ತದೆ.

ಬ್ಯಾಟರಿಯನ್ನು ಬೋರ್ಡಿನ ಜೊತೆ ಒಂದೇ ಬಿಗಿ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸೀಸ-ಆಮ್ಲದ ಬ್ಯಾಟರಿ ಅತಿಯಾಗಿ ಚಾರ್ಜ್ ಆದಾಗ ಜಲಜನಕ ಅನಿಲವನ್ನು ಬಿಡುತ್ತದೆ. ಅದಕ್ಕೆ ಹೊರದಾರಿಯಿಲ್ಲದಿದ್ದರೆ ಕಿಡಿಯೊಂದು ಸಾಕು. ಆಮ್ಲದ ಆವಿ ಪಕ್ಕದ ತಾಮ್ರವನ್ನು ತಿನ್ನುತ್ತದೆ. ಬ್ಯಾಟರಿಯ ಜಾಗ ಹೊರಗಿನ, ಗಾಳಿಯಾಡುವ ಅಂಕಣವೇ.

ಇನ್ನು ವಸ್ತುವಿನ ಮಾತು. ಬಣ್ಣ ಬಳಿದ ಕಬ್ಬಿಣದ ತಗಡಿನ ಪೆಟ್ಟಿಗೆ ಅಗ್ಗ. ಆದರೆ ತಂತಿ ತರಲು ತೂತು ಕೊರೆದ ದಿನವೇ ಬಣ್ಣ ಕಿತ್ತು ತುಕ್ಕಿಗೆ ಬಾಗಿಲು ತೆರೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಾಳುತ್ತದೆ, ಬೆಲೆ ಹೆಚ್ಚು. ಎಲ್ಲ ಲೋಹಕ್ಕೂ ಇರುವ ದೋಷವೆಂದರೆ ಅದು ರೇಡಿಯೋ ತರಂಗಗಳನ್ನು ತಡೆಯುತ್ತದೆ. ಮೊದಲೇ ಮೊಬೈಲ್ ಸಿಗ್ನಲ್ ದುರ್ಬಲವಾದ ಕಾಡಂಚಿನ ಊರಿನಲ್ಲಿ ಆಂಟೆನಾವನ್ನು ಹೊರಗಿಡಬೇಕಾಗುತ್ತದೆ, ಅದಕ್ಕೆ ಇನ್ನೊಂದು ತೂತು. ಸಾಧಾರಣ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ಬಿರಿಯುತ್ತದೆ. ಫೈಬರ್ ಪೆಟ್ಟಿಗೆ ಗಟ್ಟಿ. ಆದರೆ ಮೇಲ್ಪದರ ಸವೆದರೆ ಗಾಜಿನ ಎಳೆಗಳು ಹೊರಬರುತ್ತವೆ. ಬಿಸಿಲು ತಾಳುವಂತೆ ತಯಾರಿಸಿದ, ತಿಳಿಬಣ್ಣದ ಪಾಲಿಕಾರ್ಬೊನೇಟ್ ಒಳಪೆಟ್ಟಿಗೆ ಮತ್ತು ಸ್ಥಳೀಯ ಬಡಗಿಯೋ ಬೆಸುಗೆಯವನೋ ಮಾಡಬಲ್ಲ ಹೊರಮಾಡು, ಇವೆರಡರ ಜೋಡಿ ಈ ಸೀಮೆಗೆ ಹೊಂದುತ್ತದೆ. ಪೆಟ್ಟಿಗೆ ಯಾವುದೇ ಇರಲಿ, ತಂತಿಗಳು ತಳದಿಂದಲೇ ಒಳಹೋಗಬೇಕು. ಒಳಹೋಗುವ ಮುನ್ನ ಜೋಲಿಯಂತೆ ಕೆಳಗಿಳಿದು ಮೇಲೇರಬೇಕು. ಆಗ ತಂತಿಯಗುಂಟ ಹರಿದ ನೀರು ಜೋಲಿಯ ತಳದಲ್ಲೇ ತೊಟ್ಟಿಕ್ಕುತ್ತದೆ.

ಈ ಮಾತು ಮಳೆಮಾಪಕಕ್ಕೆ ಮಾತ್ರ ಮೀಸಲಲ್ಲ. ತೋಟದ ಪಂಪಿನ ಸ್ಟಾರ್ಟರ್, ಸೌರಬೇಲಿಯ ಯಂತ್ರ, ಹಳ್ಳದ ನೀರಿನಿಂದ ಮನೆಗೆ ಬೆಳಕು ಕೊಡುವ ಪುಟ್ಟ ಟರ್ಬೈನಿನ ನಿಯಂತ್ರಕ, ಇವೆಲ್ಲವೂ ಕೆಡುವ ಬಗೆ ಒಂದೇ.

ಬೆಲೆ ಯಾರು ತೆರುತ್ತಾರೆ?

ಹಳ್ಳಿ ಹಳ್ಳಿಗೆ ಬೇರೆ ಬೇರೆ ಪೆಟ್ಟಿಗೆ ಕೊಡಲಾಗದು, ಇಡೀ ರಾಜ್ಯಕ್ಕೆ ಒಂದೇ ನಮೂನೆ ಇದ್ದರೆ ಖರೀದಿಯೂ ದುರಸ್ತಿಯೂ ಸುಲಭ ಎಂಬುದು ಆಡಳಿತದ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ರಾಯಚೂರಿನ ಬಿಸಿಲಿಗೂ ಹುಲಿಕಲ್ಲಿನ ಮಳೆಗೂ ಒಂದೇ ಅಂಗಿ ಹೊಲಿಸಿದರೆ ಉಳಿಯುವುದು ಹೊಲಿಗೆಯ ಕೂಲಿ ಮಾತ್ರ. ಒಳಗಿನ ಯಂತ್ರ ಎಲ್ಲೆಡೆ ಒಂದೇ ಇರಲಿ. ಹೊರಗಿನ ಮಾಡು ಆಯಾ ಸೀಮೆಯದಾಗಿರಲಿ. ಅತಿ ಕಡಿಮೆ ದರದ ಪೆಟ್ಟಿಗೆಯಿಂದ ಉಳಿಯುವ ಹಣ ಖರೀದಿ ಮಾಡಿದವರ ಲೆಕ್ಕದಲ್ಲಿ ಉಳಿತಾಯವಾಗಿ ಕಾಣುತ್ತದೆ. ಅದೇ ಪೆಟ್ಟಿಗೆ ಜುಲೈನಲ್ಲಿ ಕೆಟ್ಟರೆ ಆಗುವ ನಷ್ಟ ವಿಮೆಯ ಕಂತು ಕಟ್ಟಿದ ಬೆಳೆಗಾರನ ಲೆಕ್ಕದಲ್ಲಿ ಬೀಳುತ್ತದೆ. ಎರಡೂ ಲೆಕ್ಕಗಳು ಒಂದೇ ಪುಸ್ತಕದಲ್ಲಿ ಇಲ್ಲದಿರುವುದರಿಂದಲೇ ತಪ್ಪು ವರ್ಷವರ್ಷವೂ ಮುಂದುವರಿಯುತ್ತದೆ.

ಕಾಡಿಗೂ ಇದರಲ್ಲಿ ಪಾಲಿದೆ. ಕೆಟ್ಟ ಪ್ರತಿ ಪೆಟ್ಟಿಗೆಯೂ ಸೀಸ, ಆಮ್ಲ, ಪ್ಲಾಸ್ಟಿಕ್ಕುಗಳ ಗಂಟು. ಬ್ಯಾಟರಿ ಮತ್ತು ವಿದ್ಯುನ್ಮಾನ ತ್ಯಾಜ್ಯಗಳ ಬಗ್ಗೆ 2022ರ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆಯಾದರೂ, ಶರಾವತಿಯ ಹಿನ್ನೀರಿನ ಆಚೆಯ ಊರಿನಿಂದ ಸತ್ತ ಬ್ಯಾಟರಿಯನ್ನು ಹೊತ್ತು ತರುವವರು ಯಾರು ಎಂಬುದು ಸುಲಭದ ಪ್ರಶ್ನೆಯಲ್ಲ. ಅಂಟು ಸುರಿದು ಮುಚ್ಚಿದ, ತೆರೆದರೆ ಒಡೆಯುವ ಪೆಟ್ಟಿಗೆಗಿಂತ ತಿರುಪು ಬಿಚ್ಚಿ ರಬ್ಬರ್ ಪಟ್ಟಿ ಬದಲಿಸಬಹುದಾದ ಪೆಟ್ಟಿಗೆ ಒಳ್ಳೆಯದು.

ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಪಂಚಾಯಿತಿಯ ಮಾಪಕದ ಪೆಟ್ಟಿಗೆಯನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಬ್ಯಾಟರಿ ಬೇರೆ ಅಂಕಣದಲ್ಲಿದೆಯೇ? ತಳದಲ್ಲಿ ನೀರು ಬಸಿಯುವ ರಂಧ್ರವಿದೆಯೇ, ಬಲೆಯಿದೆಯೇ? ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ರಬ್ಬರ್ ಪಟ್ಟಿ ಮತ್ತು ಸಿಲಿಕಾ ಜೆಲ್ ಬದಲಿಸುವ ಹೊಣೆ ಯಾರದು? ಯಂತ್ರ ನಿಂತ ದಿನಗಳ ಪಟ್ಟಿ ಊರಿನವರಿಗೆ ಸಿಗುತ್ತದೆಯೇ? ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಲು ದಿನ ಗೊತ್ತುಮಾಡುವ ಊರು, ಪೆಟ್ಟಿಗೆ ತೆರೆಸಿ ನೋಡಲು ಒಂದು ದಿನ ಗೊತ್ತುಮಾಡಲಾರದೇ?

ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಒಂದೇ ಬಗೆಯ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು, ಎರಡಕ್ಕೂ ತಳದಿಂದ ಒಂದೊಂದು ತಂತಿಯನ್ನು ಒಳಹಾಯಿಸಿ ಸಂದನ್ನು ಮೇಣದಿಂದ ಮುಚ್ಚಿ, ಒಂದರ ತಳದಲ್ಲಿ ಮಾತ್ರ ಸಣ್ಣ ರಂಧ್ರ ಕೊರೆದು, ಶಾಲೆಯ ಅಂಗಳದ ಕಂಬಕ್ಕೆ ಕಟ್ಟಲಿ. ಆಶ್ಲೇಷಾ ಮಳೆ ಮುಗಿದ ಮೇಲೆ ತೆರೆದು ಯಾವುದರಲ್ಲಿ ನೀರು ನಿಂತಿದೆ ಎಂದು ಬರೆದಿಡಲಿ. ಪಕ್ಕದಲ್ಲೇ ಒಂದು ಸಾಧಾರಣ ಕೈಮಾಪಕವನ್ನಿಟ್ಟು, ಹವಾಮಾನ ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆ ಅಳೆಯಲಿ. ಮೂರು ತಾಲೂಕುಗಳ ಶಾಲೆಗಳು ಹೀಗೆ ಬರೆದಿಟ್ಟ ಪುಸ್ತಕಕ್ಕೆ ವಿಮೆಯ ಲೆಕ್ಕದಲ್ಲಿ ಅಧಿಕೃತ ಬೆಲೆಯಿಲ್ಲದಿರಬಹುದು. ಆದರೆ ಯಂತ್ರ ಸುಮ್ಮನಾದ ದಿನ ಊರಿನ ಬಳಿ ಹೇಳಲು ಒಂದು ಅಂಕಿಯಾದರೂ ಇರುತ್ತದೆ.